ಮರಣೋತ್ತರ ತೈಲಚಿತ್ರವೂ ವೀರಗಲ್ಲೂ: ಪದಕಧಾರಿ ಯೋಧನ ಭಾವಚಿತ್ರವನ್ನು ಕುರಿತು

1

ರಣರಂಗದಲ್ಲಿ ಮಡಿದು ಶೌರ್ಯಪದಕಕ್ಕೆ ಪಾತ್ರನಾದ ಸೇನಾಧಿಕಾರಿಯ ತೈಲವರ್ಣದ ಭಾವಚಿತ್ರವು ನಮ್ಮ ಸಾರ್ವಜನಿಕ ಬದುಕಿನಲ್ಲಿ ಸುಪರಿಚಿತವಾದುದು. ರೆಜಿಮೆಂಟುಗಳ ಭೋಜನಶಾಲೆಗಳಲ್ಲಿ, ಆತ ಓದಿದ ಶಾಲೆಯ ಸಭಾಂಗಣದಲ್ಲಿ, ಹುಟ್ಟೂರಿನ ಸಂಘಸಂಸ್ಥೆಗಳ ಗೋಡೆಯ ಮೇಲೆ ಇಂಥ ಚಿತ್ರಗಳನ್ನು ಕಾಣುತ್ತೇವೆ. ಅನಾವರಣದ ದಿನ ಭಾಷಣಗಳಾಗುತ್ತವೆ. ಭಾಷಣಗಳಲ್ಲಿ ಯೋಧನ ಗುಣಗಾನವಿರುತ್ತದೆ. ಚಿತ್ರದ ಬಗ್ಗೆ ಮಾತ್ರ ‘ತದ್ರೂಪವಾಗಿ ಬಂದಿದೆ’ ಎಂಬ ಒಂದು ಮಾತಿಗಿಂತ ಹೆಚ್ಚಿನದು ಕೇಳಿಬರುವುದಿಲ್ಲ. ಸತ್ತವನಿಗೆ ಸಲ್ಲುವ ಗೌರವವು ಚಿತ್ರಕ್ಕೂ ಹರಡಿಕೊಂಡು, ಅದನ್ನು ಚಿತ್ರವೆಂದು ನೋಡುವುದೇ ಒಂದು ಬಗೆಯ ಅವಿನಯವೆಂಬ ಭಾವನೆ ನಮ್ಮಲ್ಲಿ ನೆಲೆಗೊಂಡಿದೆ.

ಈ ಭಾವನೆಯನ್ನು ನಾವು ಒಪ್ಪಲಾರೆವು. ಸತ್ತವನು ತನ್ನ ಚಿತ್ರದ ಬಗ್ಗೆ ಏನನ್ನೂ ಹೇಳಲಾರ. ಅವನ ಬದುಕಿನಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕಲಾವಿದನೂ ಚಿತ್ರವನ್ನು ಬರೆಯಿಸಿದವರೂ ಅವನ ಪರವಾಗಿ ನಿರ್ಧರಿಸಿರುತ್ತಾರೆ. ಆ ನಿರ್ಧಾರವನ್ನು ಪರಿಶೀಲಿಸುವುದು ಸತ್ತವನಿಗೆ ನಾವು ಸಲ್ಲಿಸಬೇಕಾದ ನ್ಯಾಯದ ಒಂದು ಭಾಗ. ಪ್ರಸ್ತುತ ಲೇಖನದಲ್ಲಿ ಈ ಬಗೆಯ ಭಾವಚಿತ್ರವನ್ನು ಕನ್ನಡ ನಾಡಿನ ವೀರಗಲ್ಲಿನ ಪರಂಪರೆಯ ಎದುರಿಗಿಟ್ಟು, ಅದು ಏನನ್ನು ಗಳಿಸಿದೆ, ಏನನ್ನು ಕಳೆದುಕೊಂಡಿದೆ ಎಂಬುದನ್ನು ವಿವೇಚಿಸಲು ಯತ್ನಿಸಿದ್ದೇವೆ.

ವಿವೇಚನೆಯ ನೆಲೆಯಾಗಿ ಮುಂಬಯಿಯ ಉಪನಗರವಾದ ಮಲಾಡನ್ನು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಮಲಾಡಿನ ಪಶ್ಚಿಮಕ್ಕೆ, ಮಾರ್ವೆಯ ಕಡಲ ತಡಿಯಲ್ಲಿ, ಭಾರತೀಯ ನೌಕಾಪಡೆಯ ‘ಹಮ್ಲಾ’ ತರಬೇತಿ ನೆಲೆಯಿದೆ. ಮಲಾಡಿನಿಂದ ಉತ್ತರಕ್ಕೆ ಕಾಂದಿವಲಿಯನ್ನು ದಾಟಿದರೆ ಸಿಗುವ ಬೊರಿವಲಿಯ ಎಕ್ಸರ್‌ನಲ್ಲಿ ಸಮುದ್ರಯುದ್ಧವನ್ನು ಕಂಡರಿಸಿದ ವೀರಗಲ್ಲುಗಳಿವೆ. 1934ರಲ್ಲಿ ಆರಂಭವಾದ ಬಾಂಬೆ ಟಾಕೀಸ್ ಚಿತ್ರಸಂಸ್ಥೆಯ ಸ್ಟುಡಿಯೋ ಇದ್ದದ್ದೂ ಮಲಾಡಿನಲ್ಲಿಯೇ. ಇಂದಿನ ಸೈನಿಕ, ಅಂದಿನ ವೀರಗಲ್ಲು, ಜನಪ್ರಿಯ ಬಿಂಬ ಈ ಮೂರೂ ಇಷ್ಟು ಹತ್ತಿರದಲ್ಲಿ ಕೂಡಿರುವ ಎಡೆ ಅಪರೂಪ. ಈ ಉಪನಗರಗಳಲ್ಲಿ ಕನ್ನಡಿಗರು ಹಲವು ತಲೆಮಾರುಗಳಿಂದ ನೆಲೆಸಿದ್ದಾರೆ ಎಂಬುದನ್ನೂ ನೆನೆಯಬೇಕು. ಊರಿನಿಂದ ದೂರವಿರುವ ಸಮುದಾಯವು ತನ್ನ ಹಿರಿಯರನ್ನೂ ವೀರರನ್ನೂ ಗೋಡೆಯ ಮೇಲಿನ ಚಿತ್ರಗಳಿಂದಲೇ ಮಕ್ಕಳಿಗೆ ಪರಿಚಯಿಸಬೇಕಾಗುತ್ತದೆ. ಆದ್ದರಿಂದ ಆ ಚಿತ್ರಗಳು ಏನನ್ನು ಹೇಳುತ್ತವೆ ಎಂಬ ಪ್ರಶ್ನೆ ಇಲ್ಲಿ ಹೆಚ್ಚು ಮಹತ್ತ್ವದ್ದು.

2

ಎಕ್ಸರ್‌ನ ಕಲ್ಲುಗಳಿಂದಲೇ ಆರಂಭಿಸಬಹುದು. 19ನೆಯ ಶತಮಾನದ ಠಾಣಾ ಜಿಲ್ಲಾ ಗೆಜೆಟಿಯರು ಇಲ್ಲಿ ಆರು ಸ್ಮಾರಕಶಿಲೆಗಳನ್ನು ವಿವರಿಸಿದೆ. ಕೆಲವು ನೆಲದ ಮೇಲಿನ ಯುದ್ಧವನ್ನೂ ಉಳಿದವು ಕಡಲಿನ ಯುದ್ಧವನ್ನೂ ನಿರೂಪಿಸುತ್ತವೆ. ಇವುಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 11-12ನೆಯ ಶತಮಾನದವೆಂದು ಕೆಲವರು ಭಾವಿಸಿದರೆ, ಉತ್ತರ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ 1265ರ ಸುಮಾರಿಗೆ ನಡೆದ ಕಡಲ ಕಾಳಗವನ್ನು ಇವು ಸೂಚಿಸುತ್ತವೆಂದು ಇನ್ನು ಕೆಲವರು ಹೇಳುತ್ತಾರೆ. ಶಿಲಾಹಾರರು ಮೊದಲಿಗೆ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಅವರ ಬಿರುದುಗಳಲ್ಲಿ ಕನ್ನಡ ಪದಗಳಿರುವುದನ್ನು ಇತಿಹಾಸಕಾರರು ಹಿಂದೆಯೇ ಗುರುತಿಸಿದ್ದಾರೆ. ಎಂದಮೇಲೆ ಈ ಶಿಲೆಗಳನ್ನು ಕನ್ನಡ ವೀರಗಲ್ಲುಗಳ ಬಳಗದಿಂದ ತೀರ ಹೊರಗಿಟ್ಟು ನೋಡಬೇಕಾಗಿಲ್ಲ.

ಇವುಗಳ ರಚನೆಯಂತೂ ನಮಗೆ ಪರಿಚಿತವಾದುದೇ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗವೂ ವೀರನ ಮರಣವೂ ಇರುತ್ತವೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಶಾಂತನಾಗಿ ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯಚಂದ್ರರು ಈ ನೆನಪು ಎಷ್ಟು ಕಾಲ ಬಾಳಬೇಕೆಂಬುದನ್ನು ಸಾರುತ್ತಾರೆ. ಪಟ್ಟಿಕೆಗಳ ಸಂಖ್ಯೆಯಲ್ಲಿ ಹೆಚ್ಚುಕಡಿಮೆಯಿರಬಹುದು. ಆದರೆ ಸಾವಿನಿಂದ ಸದ್ಗತಿಯವರೆಗಿನ ಈ ಏರಿಕೆ ಬದಲಾಗುವುದಿಲ್ಲ. ಎಕ್ಸರ್‌ನ ಶಿಲ್ಪಿಯು ಕೆಳಗಿನ ಪಟ್ಟಿಕೆಗಳಲ್ಲಿ ಪಟಸ್ತಂಭವಿರುವ ಹಡಗುಗಳನ್ನೂ ಸಾಲಾಗಿ ಕುಳಿತು ಹುಟ್ಟುಹಾಕುವ ನಾವಿಕರನ್ನೂ ತೋರಿಸಿ, ಅಲ್ಲಿಂದ ವೀರರನ್ನು ಮೇಲಕ್ಕೆ ಕೊಂಡೊಯ್ದಿದ್ದಾನೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ವೀರಗಲ್ಲಿನಲ್ಲಿ ಮುಖಕ್ಕೆ ಪ್ರಾಧಾನ್ಯವಿಲ್ಲ. ಒಂದು ಕಲ್ಲಿನ ವೀರನ ಮುಖವನ್ನು ಇನ್ನೊಂದು ಕಲ್ಲಿನ ವೀರನ ಮುಖದಿಂದ ಬೇರ್ಪಡಿಸುವುದು ಸಾಮಾನ್ಯವಾಗಿ ಸಾಧ್ಯವಾಗದು. ಆತ ಯಾರೆಂಬುದನ್ನು ಶಾಸನದ ಅಕ್ಷರಗಳು ಹೇಳುತ್ತವೆ. ಏನು ಮಾಡಿದನೆಂಬುದನ್ನು ಶಿಲ್ಪ ಹೇಳುತ್ತದೆ. ತುರುಗೋಳಿನಲ್ಲಿ ಸತ್ತವನ ಕಲ್ಲಿನ ಮೇಲೆ ಹಸುಗಳಿರುತ್ತವೆ. ಹುಲಿಯೊಡನೆ ಹೋರಿ ಸತ್ತವನ ಕಲ್ಲಿನ ಮೇಲೆ ಹುಲಿ ಇರುತ್ತದೆ. ಕಡಲಲ್ಲಿ ಸತ್ತವನ ಕಲ್ಲಿನ ಮೇಲೆ ಹಡಗು ಇರುತ್ತದೆ.

3

ಶೌರ್ಯಕ್ಕೆ ಅಧಿಕೃತ ಮನ್ನಣೆ ಕೊಡುವ ಪದ್ಧತಿ ಪಾಶ್ಚಾತ್ಯ ಸೈನ್ಯಗಳಿಂದ ಬಂದುದೆಂದು ಹಲವರು ತಿಳಿದಿದ್ದಾರೆ. ಪದಕ ಹಾಗೆ ಬಂದಿರಬಹುದು. ಮನ್ನಣೆ ಹಾಗೆ ಬಂದುದಲ್ಲ. ಸುಮಾರು ಕ್ರಿ.ಶ. 450ರದೆಂದು ಎಣಿಸಲಾದ ಹಲ್ಮಿಡಿ ಶಾಸನವು ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿಗಳನ್ನು ‘ಬಾಳ್ಗಳ್ಚು’ ಆಗಿ, ಅಂದರೆ ಕತ್ತಿಯನ್ನು ತೊಳೆದು ಕೊಡುವ ಮಾನ್ಯವಾಗಿ, ಕೊಟ್ಟುದನ್ನು ದಾಖಲಿಸುತ್ತದೆ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ಹೆಸರಾದ ಬರಹವೇ ಒಂದು ಶೌರ್ಯಮನ್ನಣೆಯ ದಾಖಲೆಯಾಗಿರುವುದು ಗಮನಾರ್ಹ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಡುವ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಬೇರೆ ಹೆಸರಿತ್ತು. ಬದುಕಿದ್ದವನ ಮನ್ನಣೆಗೂ ಮರಣೋತ್ತರ ಮನ್ನಣೆಗೂ ಭಾಷೆಯೇ ಭೇದವೆಣಿಸಿತ್ತು.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ಈ ಮಾತಿಗೆ ಒಳ್ಳೆಯ ನಿದರ್ಶನ. 9ನೆಯ ಶತಮಾನದ ಕೊನೆಯ ಭಾಗದ ಈ ಕಲ್ಲು ವೀರಮಹೇಂದ್ರನ ಪಡೆಯೊಡನೆ ಕಾದಿ ಸತ್ತ ನಾಗತ್ತರನ ಸ್ಮಾರಕ. ಅವನು ಸತ್ತ ಬಳಿಕ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಊರುಗಳನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಪಟ್ಟವನ್ನೂ ಊರುಗಳನ್ನೂ ಪಡೆದವನು ಇರುಗನಾದರೂ, ಕಲ್ಲಿನ ಮೈತುಂಬ ಇರುವುದು ಆನೆ ಕುದುರೆ ಕಾಲಾಳುಗಳ ಇಕ್ಕಟ್ಟಾದ ಕಾಳಗ. ಪಡೆದುದನ್ನು ಅಕ್ಷರಕ್ಕೂ ಮಾಡಿದುದನ್ನು ಚಿತ್ರಕ್ಕೂ ಹಂಚಿಕೊಟ್ಟ ಕ್ರಮವಿದು.

ಆತಕೂರಿನ ಕಲ್ಲು ಇದಕ್ಕಿಂತಲೂ ಅರ್ಥಪೂರ್ಣವಾದುದು. 949ರಲ್ಲಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನು ಹತನಾದ ಯುದ್ಧವನ್ನೂ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗ ಬೂತುಗನನ್ನೂ, ಬೂತುಗನ ಪಡೆಯ ವೀರ ಮಣಲೇರನನ್ನೂ ಅದು ಹೆಸರಿಸುತ್ತದೆ. ಮೆಚ್ಚಿದ ಒಡೆಯನಿಂದ ಮಣಲೇರನು ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಂದರೊಡನೆ ಸೆಣಸಿ ಅದನ್ನು ಕೊಂದು ತಾನೂ ಸತ್ತಿತು. ಕಲ್ಲಿನ ಮೇಲೆ ಶಿಲ್ಪಿ ಕಂಡರಿಸಿದ್ದು ಅರಸನನ್ನಲ್ಲ, ಮನ್ನಣೆ ಪಡೆದ ಮಣಲೇರನನ್ನೂ ಅಲ್ಲ. ಹಂದಿಯ ಮೇಲೆ ಎರಗಿದ ಕಾಳಿಯನ್ನು. ಬಿರುದು ಬಾವಲಿಗಳೆಲ್ಲ ಬದುಕಿದ್ದವರಿಗೆ ಅಕ್ಷರರೂಪದಲ್ಲಿ ಸಂದವು. ಚಿತ್ರದ ಎಡೆ ಸತ್ತ ಜೀವಕ್ಕೆ, ಅದು ಸತ್ತ ಗಳಿಗೆಗೆ ಮೀಸಲಾಯಿತು.

‘ಪ್ರಶಸ್ತಿ’ ಎಂಬ ಶಬ್ದದ ಇತಿಹಾಸವೂ ಇದೇ ಕಡೆಗೆ ಬೆರಳು ಮಾಡುತ್ತದೆ. ಶಾಸನಗಳ ಮಟ್ಟಿಗೆ ಪ್ರಶಸ್ತಿಯೆಂದರೆ ಹೊಗಳಿಕೆಯ ಬರಹ. ಇಂದು ನಾವು ಪ್ರಶಸ್ತಿಯೆಂದು ಕರೆಯುವುದು ಕೈಯಲ್ಲಿ ಕೊಡುವ, ಎದೆಗೆ ಸಿಕ್ಕಿಸುವ ವಸ್ತುವನ್ನು. ಅದಕ್ಕೆ ಕಾರಣವಾದ ಸಾಹಸವನ್ನು ವಿವರಿಸುವ ಬರಹವು ಕಡತಕ್ಕೆ ಸೇರಿಹೋಗಿದೆ. ಮಾತಿನ ಎಡೆಯನ್ನು ವಸ್ತುವು ಆಕ್ರಮಿಸಿಕೊಂಡ ಈ ಪಲ್ಲಟವು ತೈಲಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

4

ಮರಣೋತ್ತರ ತೈಲಚಿತ್ರ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ಈಗ ನೋಡೋಣ. ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು, ಬೆಳಕನ್ನು ಹೊಂದಿಸಿಕೊಂಡು, ಹಲವು ದಿನ ನೋಡಿ ಬರೆಯುವ ಕ್ರಮವು 1857ರಲ್ಲಿ ಸ್ಥಾಪಿತವಾದ ಮುಂಬಯಿಯ ಜೆ.ಜೆ. ಕಲಾಶಾಲೆಯ ಮೂಲಕ ಪಶ್ಚಿಮ ಭಾರತದಲ್ಲಿ ಬೇರೂರಿತು. ಧಾರವಾಡದ ಡಿ.ವಿ. ಹಾಲಭಾವಿ, ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರಂಥ ಕನ್ನಡ ನಾಡಿನ ಕಲಾವಿದರೂ ಅಲ್ಲಿ ಶಿಕ್ಷಣ ಪಡೆದವರೇ. ಆದರೆ ಸತ್ತವನು ಕಲಾವಿದನ ಎದುರಿಗೆ ಕೂರಲಾರ. ಅವನ ಎಡೆಯಲ್ಲಿ ಛಾಯಾಚಿತ್ರವೊಂದು ಇರುತ್ತದೆ. ಸಾಮಾನ್ಯವಾಗಿ ಅದು ಗುರುತಿನ ಚೀಟಿಗೋ ಅಧಿಕಾರಿಯಾಗಿ ನಿಯುಕ್ತನಾದ ಸಂದರ್ಭಕ್ಕೋ ತೆಗೆದದ್ದು. ಅದರಲ್ಲಿ ಬೆಳಕು ನೇರವಾಗಿ ಮುಖದ ಮೇಲೆ ಬಿದ್ದಿರುತ್ತದೆ. ಕೆನ್ನೆಯ ತಿರುವು, ಕಣ್ಣಿನ ಆಳ ಚಪ್ಪಟೆಯಾಗಿರುತ್ತವೆ. ಹಳೆಯದಾದರೆ ಬಣ್ಣವೇ ಇರುವುದಿಲ್ಲ. ಮೈಬಣ್ಣ, ಕಣ್ಣಿನ ಬಣ್ಣಗಳನ್ನು ಮನೆಯವರ ಮಾತಿನಿಂದಲೋ ಊಹೆಯಿಂದಲೋ ಕಲಾವಿದನು ತುಂಬಬೇಕಾಗುತ್ತದೆ.

ಮುಖವು ಹೀಗೆ ಛಾಯಾಚಿತ್ರದಿಂದ ಬಂದರೆ, ಎದೆಯ ಮೇಲಿನ ಪದಕವು ಬೇರೆ ಕಡೆಯಿಂದ ಬರುತ್ತದೆ. ಪರಮವೀರ ಚಕ್ರಕ್ಕೆ ನೇರಳೆ ಬಣ್ಣದ ಪಟ್ಟಿ. ಮಹಾವೀರ ಚಕ್ರಕ್ಕೆ ಅರ್ಧ ಬಿಳಿ ಅರ್ಧ ಕಿತ್ತಳೆ. ವೀರ ಚಕ್ರಕ್ಕೆ ಅರ್ಧ ಕಡುನೀಲಿ ಅರ್ಧ ಕಿತ್ತಳೆ. ಅಶೋಕ ಚಕ್ರಕ್ಕೆ ಹಸಿರಿನ ನಡುವೆ ಕಿತ್ತಳೆಯ ಗೆರೆ. ಇವುಗಳಲ್ಲಿ ತಪ್ಪುವಂತಿಲ್ಲ. ಹೀಗಾಗಿ ಕ್ಯಾನ್ವಾಸಿನ ಮೇಲೆ ಎರಡು ಬಗೆಯ ಖಚಿತತೆಗಳು ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಪದಕವು ನಿಯಮಾವಳಿಯಂತೆ ನಿಖರ. ಮುಖವು ಊಹೆಯಿಂದ ಮೃದು. ಹಲವು ಭಾವಚಿತ್ರಗಳಲ್ಲಿ ನೋಡುವವನ ಕಣ್ಣು ಮುಖದಿಂದ ಜಾರಿ ಪದಕದ ಮೇಲೆ ನಿಲ್ಲುವುದಕ್ಕೆ ಇದೇ ಕಾರಣವೆಂದು ನಮಗೆ ತೋರುತ್ತದೆ.

ಇದಕ್ಕಿಂತ ಗಹನವಾದ ತೊಡಕೊಂದಿದೆ. ಮರಣೋತ್ತರವಾಗಿ ಬಂದ ಪದಕವನ್ನು ಸತ್ತವನು ಎಂದೂ ಧರಿಸಿದವನಲ್ಲ. ಮೇಜರ್ ಸೋಮನಾಥ ಶರ್ಮರ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಕುಮಾವ್ ರೆಜಿಮೆಂಟಿನ 4ನೆಯ ಬೆಟಾಲಿಯನ್ನಿನ ಈ ಅಧಿಕಾರಿ 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಮಿನಲ್ಲಿ ಮಡಿದರು. ಪರಮವೀರ ಚಕ್ರವು ಅಧಿಕೃತವಾಗಿ ಸ್ಥಾಪಿತವಾದದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ. ಸಾವಿತ್ರಿ ಖಾನೋಲಕರ್ ರೂಪಿಸಿದ, ಇಂದ್ರನ ವಜ್ರಾಯುಧದ ನಾಲ್ಕು ಪ್ರತಿಕೃತಿಗಳನ್ನುಳ್ಳ ಆ ಕಂಚಿನ ಪದಕವು ಶರ್ಮರು ಸಾಯುವಾಗ ಲೋಕದಲ್ಲಿಯೇ ಇರಲಿಲ್ಲ. ಅವರ ಎದೆಯ ಮೇಲೆ ಅದನ್ನು ಬರೆದ ಯಾವುದೇ ಚಿತ್ರವು ಎಂದೂ ಸಂಭವಿಸದ ಕ್ಷಣವೊಂದನ್ನು ತೋರಿಸುತ್ತದೆ.

ಸಂಭವಿಸಿದ ಸಂಗತಿಯೊಂದು ಮಾತ್ರ ಇಂಥ ಭಾವಚಿತ್ರದೊಳಕ್ಕೆ ಬರುವುದೇ ಇಲ್ಲ. ಬಡಗಾಮಿಗೆ ಹೋದಾಗ ಶರ್ಮರ ಎಡಗೈ ಪ್ಲಾಸ್ಟರಿನಲ್ಲಿತ್ತು. ಹಾಕಿ ಆಡುವಾಗ ಆದ ಪೆಟ್ಟು ಅದು. ಯುದ್ಧಕ್ಕೆ ಹೋಗಬೇಕಾಗಿರಲಿಲ್ಲ, ಒತ್ತಾಯಿಸಿ ಹೋದರು. ಆ ಸ್ಥಿತಿಯಲ್ಲಿಯೇ ಜೊತೆಯವರಿಗೆ ಮದ್ದುಗುಂಡು ತುಂಬಿಕೊಡುತ್ತಿದ್ದರು. ಅವರ ಶೌರ್ಯವು ಉಳಿದವರ ಶೌರ್ಯದಿಂದ ಬೇರೆಯಾಗಿ ಕಾಣುವುದು ಆ ಪ್ಲಾಸ್ಟರಿನಲ್ಲಿ. ಎದೆಯ ಮಟ್ಟಕ್ಕೆ ಕತ್ತರಿಸಿ ನಿಲ್ಲಿಸುವ ಭಾವಚಿತ್ರದ ಚೌಕಟ್ಟಿನಲ್ಲಿ ಕೈಗೇ ಎಡೆಯಿಲ್ಲವಾದ್ದರಿಂದ ಪ್ಲಾಸ್ಟರಿಗೂ ಎಡೆಯಿಲ್ಲ. ಎಂದೂ ಧರಿಸದ ಪದಕವು ಒಳಗೆ ಬಂದು, ಧರಿಸಿಯೇ ಸತ್ತ ಪ್ಲಾಸ್ಟರು ಹೊರಗುಳಿಯುವ ಈ ವಿಪರ್ಯಾಸವು ಈ ಪ್ರಕಾರದ ಮುಖ್ಯ ಸಮಸ್ಯೆ.

5

ಹಾಗಾದರೆ ಮರಣೋತ್ತರ ಚಿತ್ರದ ಪದಕವು ಸುಳ್ಳೆನ್ನಬೇಕೆ? ಕಟ್ಟುನಿಟ್ಟಾದ ವಾಸ್ತವವಾದಿ ವಿಮರ್ಶಕನು ಹಾಗೆ ಅನ್ನಬಹುದು. ನಾವು ಆ ನಿಲುವನ್ನು ತಳೆಯುವುದಿಲ್ಲ. ವೀರಗಲ್ಲಿನ ಪರಂಪರೆಯೇ ಇದಕ್ಕೆ ಸಮಾಧಾನವನ್ನು ಒದಗಿಸುತ್ತದೆ. ಮೇಲಿನ ಪಟ್ಟಿಕೆಯಲ್ಲಿ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರನನ್ನು ಶಿಲ್ಪಿ ಕಣ್ಣಾರೆ ಕಂಡಿದ್ದನೆ? ಆ ವೀರನ ಮೈಮೇಲೆ ಗಾಯವಿಲ್ಲ, ಮುಖದಲ್ಲಿ ಆಯಾಸವಿಲ್ಲ. ನೋಡಿದವರು ಯಾರೂ ಅದನ್ನು ಸುಳ್ಳೆನ್ನಲಿಲ್ಲ. ಸತ್ತವನಿಗೆ ಸಮುದಾಯವು ಕಟ್ಟಿಕೊಟ್ಟ ಸ್ಥಾನವದು ಎಂದು ಎಲ್ಲರೂ ಅರಿತಿದ್ದರು.

ತೈಲಚಿತ್ರದ ಅಧಿಕಾರಿಯೂ ಅಂಥವನೇ. ಇಸ್ತ್ರಿಯಾದ ಸಮವಸ್ತ್ರ, ಗಾಯವಿಲ್ಲದ ಮೈ, ಶಾಂತವಾದ ನೋಟ, ಬದುಕಿನಲ್ಲಿ ಧರಿಸದ ಪದಕ, ಹಿನ್ನೆಲೆಯಲ್ಲಿ ಊರು ಕಾಲಗಳ ಗುರುತಿಲ್ಲದ ಕಂದುಬಣ್ಣ: ಇವೆಲ್ಲ ಕೂಡಿ ಸೃಷ್ಟಿಸುವ ಲೋಕವು ಭೂಮಿಯ ಮೇಲಿನದಲ್ಲ. ಮರಣೋತ್ತರ ತೈಲಚಿತ್ರವು ವೀರಗಲ್ಲಿನ ಮೇಲಿನ ಪಟ್ಟಿಕೆಯೊಂದನ್ನೇ ಬಿಡಿಸಿ ತೆಗೆದು ಚೌಕಟ್ಟು ಹಾಕಿದ ರೂಪವೆಂಬುದು ನಮ್ಮ ಪ್ರತಿಪಾದನೆ. ಹೀಗೆ ನೋಡಿದಾಗ ಪದಕವು ಸುಳ್ಳಾಗದೆ ಸದ್ಗತಿಯ ಲಾಂಛನವಾಗುತ್ತದೆ.

ಆದರೆ ಇದೇ ಪ್ರತಿಪಾದನೆಯಿಂದ ಈ ಪ್ರಕಾರದ ಕೊರತೆಯೂ ಹೊರಪಡುತ್ತದೆ. ವೀರಗಲ್ಲಿನಲ್ಲಿ ಮೇಲಿನ ಪಟ್ಟಿಕೆಗೆ ಅರ್ಥ ಬರುವುದು ಕೆಳಗಿನದರಿಂದ. ಕಾಳಗವನ್ನೂ ಸಾವನ್ನೂ ಕಂಡು ಮೇಲಕ್ಕೇರಿದ ಕಣ್ಣಿಗೆ ಮಾತ್ರ ಆ ಶಾಂತಿ ಬೆಲೆಯುಳ್ಳದ್ದು. ಕೆಳಗಿನ ಪಟ್ಟಿಕೆಯನ್ನು ಒಡೆದು ಹಾಕಿ ಮೇಲಿನದನ್ನಷ್ಟೇ ನಿಲ್ಲಿಸಿದರೆ ಉಳಿಯುವುದು ಸುಖವಾಗಿ ಕುಳಿತ ಒಬ್ಬ ಮನುಷ್ಯ. ಯಾವ ಬೆಲೆಯನ್ನು ತೆತ್ತು ಆತ ಅಲ್ಲಿಗೆ ಬಂದನೆಂಬುದು ತಿಳಿಯದೆಹೋಗುತ್ತದೆ. ಶಾಲೆಯ ಸಭಾಂಗಣದಲ್ಲಿ ಹತ್ತು ವರ್ಷ ದಿನವೂ ಇಂಥ ಚಿತ್ರವನ್ನು ಕಂಡ ಮಗುವಿಗೆ ಆತ ಸೈನ್ಯದಲ್ಲಿದ್ದನೆಂದು ಗೊತ್ತಿರುತ್ತದೆ, ದೊಡ್ಡ ಪದಕ ಬಂದಿತ್ತೆಂದು ಗೊತ್ತಿರುತ್ತದೆ. ಆತ ಸತ್ತದ್ದು ಹೇಗೆಂಬುದು ಗೊತ್ತಿರುವುದಿಲ್ಲ. ಯುದ್ಧವೆಂದರೆ ಸಾವು ಎಂಬುದನ್ನು ಮರೆಸಿ, ಯುದ್ಧವೆಂದರೆ ಪದಕ ಎಂಬುದನ್ನು ಮಾತ್ರ ಕಲಿಸುವ ಚಿತ್ರವು ಸತ್ತವನಿಗೂ ನ್ಯಾಯ ಸಲ್ಲಿಸುವುದಿಲ್ಲ, ನೋಡುವ ಎಳೆಯರಿಗೂ ಸಲ್ಲಿಸುವುದಿಲ್ಲ.

6

ಈ ಮಾನದಂಡವನ್ನು ಇಬ್ಬರು ಅಧಿಕಾರಿಗಳಿಗೆ ಅನ್ವಯಿಸಿ ನೋಡಬಹುದು. ಒಬ್ಬರು ಮಲಾಡಿನ ಎದುರಿನ ಕಡಲಿಗೆ ಸಂಬಂಧಿಸಿದವರು. ಇನ್ನೊಬ್ಬರು ಕನ್ನಡ ಕರಾವಳಿಗೆ ಸೇರಿದವರು.

ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ 1971ರ ಯುದ್ಧದಲ್ಲಿ ‘ಖುಕ್ರಿ’ ಯುದ್ಧನೌಕೆಯ ನಾಯಕರಾಗಿದ್ದರು. ಡಿಸೆಂಬರ್ 9ರ ರಾತ್ರಿ ದಿಯುವಿನ ಆಚೆಯ ಕಡಲಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಹಾರಿಸಿದ ಟಾರ್ಪಿಡೊ ತಗುಲಿ ನೌಕೆ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಪ್ರಾಣ ಕಳೆದುಕೊಂಡರು. ಇತರರನ್ನು ಪಾರುಮಾಡಲು ಯತ್ನಿಸಿದ ಮುಲ್ಲಾ ತಮ್ಮ ಜೀವರಕ್ಷಕ ಕವಚವನ್ನೂ ನಾವಿಕನೊಬ್ಬನಿಗೆ ಕೊಟ್ಟು ನೌಕೆಯೊಡನೆ ಮುಳುಗಿದರು. ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ನೌಕಾಪಡೆಯ ಅಧಿಕಾರಿಯ ಭಾವಚಿತ್ರದ ರೂಢಿಗೆ ಅನುಸಾರವಾಗಿ ಇಂಥವರನ್ನು ಬಿಳಿಯ ಸಮವಸ್ತ್ರದಲ್ಲಿ, ಒಬ್ಬರನ್ನೇ ಬರೆದರೆ ಎರಡು ಸಂಗತಿಗಳು ಮರೆಯಾಗುತ್ತವೆ. ಮೊದಲನೆಯದು ನೀರು. ಎರಡನೆಯದು ಉಳಿದ 193 ಮಂದಿ. ಕವಚವನ್ನು ಪಡೆಯುವ ಇನ್ನೊಬ್ಬನಿಲ್ಲದೆ ಮುಲ್ಲಾ ಅವರ ಸಾಹಸಕ್ಕೆ ಅರ್ಥವಿಲ್ಲ. ಎಕ್ಸರ್‌ನ ಶಿಲ್ಪಿಗೆ ಈ ತಿಳಿವಳಿಕೆ ಇತ್ತು; ಹುಟ್ಟುಹಾಕುವವರ ಸಾಲನ್ನು ಅವನು ಬಿಡಲಿಲ್ಲ. ದಿಯುವಿನಲ್ಲಿ ಕಡಲಿಗೆ ಎದುರಾಗಿ ನಿರ್ಮಿಸಿದ ಸ್ಮಾರಕದಲ್ಲಿ ‘ಖುಕ್ರಿ’ಯ ಪ್ರತಿಕೃತಿಯನ್ನು ಗಾಜಿನೊಳಗೆ ಇಟ್ಟಿದ್ದಾರೆ. ಭಾವಚಿತ್ರವು ಕೈಬಿಟ್ಟ ಕೆಳಗಿನ ಪಟ್ಟಿಕೆಯನ್ನು ಆ ಪ್ರತಿಕೃತಿ ಮರಳಿ ತಂದಿದೆಯೆನ್ನಬಹುದು.

ಇನ್ನೊಬ್ಬರು ಕಾರವಾರದ ಬಳಿಯ ಚೆಂಡಿಯಾ ಗ್ರಾಮದಲ್ಲಿ 1918ರ ಜೂನ್ 26ರಂದು ಹುಟ್ಟಿದ ರಾಮ ರಾಘೋಬ ರಾಣೆ. 1940ರಲ್ಲಿ ಬಾಂಬೆ ಎಂಜಿನಿಯರ್ಸ್ ದಳಕ್ಕೆ ಸೇರಿ, ಬರ್ಮಾದ ರಣರಂಗವನ್ನು ಕಂಡು, 1947ರ ಡಿಸೆಂಬರಿನಲ್ಲಿ ಅಧಿಕಾರಿಯಾದವರು. 1948ರ ಏಪ್ರಿಲ್ 8ರಿಂದ 11ರವರೆಗೆ ನೌಶೇರಾ-ರಜೌರಿ ದಾರಿಯಲ್ಲಿ ಶತ್ರುವಿನ ಗುಂಡಿನ ನಡುವೆ ನೆಲಬಾಂಬುಗಳನ್ನೂ ಅಡ್ಡಗಟ್ಟಿದ ಮರಗಳನ್ನೂ ತೆರವುಗೊಳಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಮೊದಲ ದಿನವೇ ಗಾಯಗೊಂಡರೂ ಕೆಲಸ ನಿಲ್ಲಿಸಲಿಲ್ಲ. ಪರಮವೀರ ಚಕ್ರವನ್ನು ಜೀವಂತವಾಗಿ ಪಡೆದವರಲ್ಲಿ ಅವರೇ ಮೊದಲಿಗರು. 1968ರಲ್ಲಿ ಮೇಜರ್ ಹುದ್ದೆಯಿಂದ ನಿವೃತ್ತರಾಗಿ, 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. 2006ರಲ್ಲಿ ಕಾರವಾರದ ಕಡಲ ತೀರದಲ್ಲಿ ಅವರ ಪ್ರತಿಮೆಯ ಅನಾವರಣವಾಯಿತು.

ರಾಣೆಯವರ ಮರಣಾನಂತರದ ಚಿತ್ರದಲ್ಲಿ ಪದಕದ ತೊಡಕಿಲ್ಲ. ಅವರು ಅದನ್ನು ಧರಿಸಿದ್ದವರು. ಇಲ್ಲಿರುವ ತೊಡಕು ವಯಸ್ಸಿನದು, ಹುದ್ದೆಯದು. ಲೋಕವು ಅವರನ್ನು ಮೇಜರ್ ರಾಣೆಯೆಂದು ಕರೆಯುತ್ತದೆ. ದಾರಿಯನ್ನು ತೆರವುಗೊಳಿಸಿದವನಾದರೋ ಇನ್ನೂ ಮೂವತ್ತು ತುಂಬದ ಸೆಕೆಂಡ್ ಲೆಫ್ಟಿನೆಂಟ್. ಹೆಗಲ ಮೇಲೆ ಯಾವ ಚಿಹ್ನೆಯನ್ನು ಬರೆಯಬೇಕು, ಮುಖಕ್ಕೆ ಎಷ್ಟು ವಯಸ್ಸನ್ನು ಕೊಡಬೇಕು ಎಂಬುದನ್ನು ಕಲಾವಿದನು ನಿರ್ಧರಿಸಲೇಬೇಕು. ಮೇಜರನ್ನು ಬರೆದರೆ ಸಾಹಸದ ಗಳಿಗೆ ಕೈತಪ್ಪುತ್ತದೆ. ಸೆಕೆಂಡ್ ಲೆಫ್ಟಿನೆಂಟನ್ನು ಬರೆದರೆ ಆ ಬಳಿಕ ಬಾಳಿದ ನಾಲ್ಕು ದಶಕಗಳಿಗೂ ಹೆಚ್ಚಿನ ಬದುಕು ಕೈತಪ್ಪುತ್ತದೆ. ಇನ್ನೊಂದು ಮಾತು. ರಾಣೆಯವರ ಶೌರ್ಯವು ಎದೆಯೆತ್ತಿ ನಿಂತ ಶೌರ್ಯವಲ್ಲ. ನೆಲಕ್ಕೆ ಮೈಯೊಡ್ಡಿ, ಟ್ಯಾಂಕಿನ ಅಡಿಯಲ್ಲಿ ತೆವಳಿ, ಮಣ್ಣನ್ನು ಕೈಯಿಂದ ತಡವಿ ಮಾಡಿದ ಕೆಲಸವದು. ಬೇಸಾಯಗಾರನ, ಕಮ್ಮಾರನ ಶ್ರಮಕ್ಕೆ ಹತ್ತಿರವಾದ ಈ ಸಾಹಸವನ್ನು ನೆಟ್ಟಗೆ ನಿಂತ ಭಂಗಿಯು ಹೇಳಲಾರದು.

2025ರ ಡಿಸೆಂಬರ್ 16ರಂದು ರಾಷ್ಟ್ರಪತಿ ಭವನದಲ್ಲಿ ‘ಪರಮವೀರ ದೀರ್ಘಾ’ ಎಂಬ ಚಿತ್ರಶಾಲೆ ಉದ್ಘಾಟನೆಯಾಯಿತು. ಹಿಂದೆ ಬ್ರಿಟಿಷ್ ಎ.ಡಿ.ಸಿ. ಅಧಿಕಾರಿಗಳ ಚಿತ್ರಗಳಿದ್ದ ಎಡೆಯಲ್ಲಿ ಈಗ ಪರಮವೀರ ಚಕ್ರ ಪಡೆದ 21 ಮಂದಿಯ ಭಾವಚಿತ್ರಗಳಿವೆ. ಅವರಲ್ಲಿ 14 ಮಂದಿಗೆ ಪದಕ ಬಂದದ್ದು ಮರಣೋತ್ತರವಾಗಿ. ಗೋಡೆಯ ಒಡೆತನ ಬದಲಾದುದು ಸಂತೋಷದ ಸಂಗತಿ. ಆದರೆ ಒಂದೇ ಪದಕ ಪಡೆದವರನ್ನು ಸಾಲಾಗಿ ನಿಲ್ಲಿಸುವ ಯಾವುದೇ ಚಿತ್ರಶಾಲೆಗೂ ಒಂದು ಅಪಾಯವುಂಟು. ಪ್ಲಾಸ್ಟರಿನ ಕೈಯವನು, ನೆಲದ ಮೇಲೆ ತೆವಳಿದವನು, ಹಿಮದಲ್ಲಿ ಸತ್ತವನು ಎಲ್ಲರೂ ಒಂದೇ ಪದಕದ ಹಿಂದೆ ಒಂದೇ ಆಗಿ ಕಾಣುವ ಅಪಾಯವದು. ಪ್ರತಿ ಚಿತ್ರದ ಕೆಳಗಿನ ಬರಹವೇ ಅದಕ್ಕೆ ಪರಿಹಾರ.

7

ತೈಲವರ್ಣಕ್ಕೇ ಈ ಮಿತಿ ಸಹಜವಾದುದೆಂದು ತಿಳಿಯಬಾರದು. ಬೆಂಗಳೂರಿಗೇ ಸಂಬಂಧಿಸಿದ ಒಂದು ಕೃತಿ ಇದನ್ನು ತೋರಿಸುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಮಾರ್ಚ್ 7ರಂದು, ಕಾರ್ನ್‌ವಾಲಿಸನ ಸೈನ್ಯವು ಬೆಂಗಳೂರು ಪೇಟೆಯ ಬಾಗಿಲನ್ನು ಮುತ್ತಿದಾಗ ಮದರಾಸು ಫಿರಂಗಿದಳದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಸತ್ತನು. ಆ ಸೈನ್ಯದೊಡನೆ ಸಂಚರಿಸಿದ ಕಲಾವಿದ ರಾಬರ್ಟ್ ಹೋಮ್ ಆ ಸಾವನ್ನು ತೈಲವರ್ಣದಲ್ಲಿ ಬರೆದನು. ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿರುವ ಈ ಚಿತ್ರದಲ್ಲಿ ಬೀಳುತ್ತಿರುವ ಅಧಿಕಾರಿಯನ್ನು ಸಂಗಡಿಗರು ಆತುಕೊಂಡಿದ್ದಾರೆ. ಬೆಂಜಮಿನ್ ವೆಸ್ಟ್ 1770ರಲ್ಲಿ ಬರೆದ ಜನರಲ್ ವುಲ್ಫನ ಮರಣದ ಚಿತ್ರದಿಂದ ಬಂದ ಸಂಪ್ರದಾಯವಿದು. ಇದರಲ್ಲಿಯೂ ನಾಟಕೀಯತೆ ಉಂಟು. ವೆಸ್ಟನ ಚಿತ್ರದಲ್ಲಂತೂ ಸಾವಿನ ಎಡೆಯಲ್ಲಿ ಇಲ್ಲದಿದ್ದವರೂ ಸುತ್ತ ನಿಂತಿದ್ದಾರೆ. ಆದರೂ ಈ ಚಿತ್ರಗಳಿಗೆ ತಮ್ಮ ನಾಯಕನು ಸತ್ತನೆಂಬ ಅರಿವಿದೆ. ದೊಡ್ಡಹುಂಡಿಯ 9ನೆಯ ಶತಮಾನದ ಕಲ್ಲಿನಲ್ಲಿ ಗಂಗ ನೀತಿಮಾರ್ಗನು ಮರಣಶಯ್ಯೆಯಲ್ಲಿದ್ದು, ಬಳಿಯಲ್ಲಿ ಸೇವಕ ಅಗರಯ್ಯನಿರುವ ದೃಶ್ಯವನ್ನು ಕಂಡವರಿಗೆ ಈ ಬಗೆಯ ರಚನೆ ಹೊಸದೆನಿಸದು.

ಹೋಮನ ಚಿತ್ರದ ಪಕ್ಷಪಾತವನ್ನೂ ಹೇಳಬೇಕು. ಅದೇ ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿದ್ದಾಗ ಕೋಟೆಯನ್ನು ಕಾಯುತ್ತ ಸತ್ತ ಕಿಲ್ಲೇದಾರ ಬಹಾದ್ದೂರ್ ಖಾನನ ಸಾವೂ ವೀರಮರಣವೇ. ಗೆದ್ದವರ ಕುಂಚವು ತಮ್ಮವನ ಸಾವಿಗೆ ಕೊಟ್ಟ ಮುಖ್ಯಸ್ಥಾನವನ್ನು ಸೋತವರ ಸಾವಿಗೆ ಕೊಡಲಿಲ್ಲ. ಯಾರ ಸಾವಿಗೆ ಚಿತ್ರ, ಯಾರ ಸಾವಿಗೆ ಮೌನ ಎಂಬುದನ್ನು ಅಧಿಕಾರವೇ ನಿರ್ಧರಿಸುತ್ತದೆ. ನಾಯಿಗೂ ಕಲ್ಲು ನಿಲ್ಲಿಸಿದ ಪರಂಪರೆಯ ಔದಾರ್ಯವು ಇದರ ಎದುರಿಗೆ ಎದ್ದು ಕಾಣುತ್ತದೆ.

ಹಾಗೆಂದು ಭಾವಚಿತ್ರವನ್ನು ಕೈಬಿಟ್ಟು ಯುದ್ಧದೃಶ್ಯಗಳನ್ನೇ ಬರೆಯಬೇಕೆಂದು ನಾವು ಹೇಳುವುದಿಲ್ಲ. ಅದರಲ್ಲಿ ಬೇರೆ ಅಪಾಯವಿದೆ. ಮುಂಬಯಿಯ ಬೀದಿಗಳಲ್ಲಿ ಬೆಳೆದ ಚಲನಚಿತ್ರ ಭಿತ್ತಿಪತ್ರದ ಶೈಲಿಯು, ಕಲಬುರಗಿಯ ಎಸ್.ಎಂ. ಪಂಡಿತರಂಥವರ ಕೈಯಲ್ಲಿ ಎಷ್ಟೇ ಸೊಗಸಾಗಿ ಅರಳಿದ್ದರೂ, ಸತ್ತ ಯೋಧನನ್ನು ಕಥಾನಾಯಕನನ್ನಾಗಿ ಮಾಡಿಬಿಡಬಲ್ಲದು. ಕಥಾನಾಯಕನು ಮುಂದಿನ ಚಿತ್ರದಲ್ಲಿ ಮತ್ತೆ ಬರುತ್ತಾನೆ. ಇದಲ್ಲದೆ ವೀರಗಲ್ಲು ಕೊಡಲಾಗದ ಒಂದನ್ನು ತೈಲಚಿತ್ರವು ಕೊಟ್ಟಿದೆ, ಅದು ಮುಖ. ವೀರಗಲ್ಲಿನ ಮುಂದೆ ನಿಂತ ತಾಯಿಗೆ ಮಗನ ಸಾಹಸ ಸಿಗುತ್ತಿತ್ತು, ಮಗನ ಮುಖ ಸಿಗುತ್ತಿರಲಿಲ್ಲ. ಮನೆಯವರು ಭಾವಚಿತ್ರವನ್ನು ಬಯಸುವುದು ಅದಕ್ಕಾಗಿ. ಆ ಬಯಕೆಯನ್ನು ವಿಮರ್ಶೆ ಗೌರವಿಸಬೇಕು.

8

ಬೇಕಾದುದು ಮುಖವನ್ನು ಉಳಿಸಿಕೊಂಡು ಕೆಳಗಿನ ಪಟ್ಟಿಕೆಯನ್ನು ಮರಳಿ ಕೂಡಿಸುವುದು. ಇದು ಅಸಾಧ್ಯವಾದ ಕೆಲಸವಲ್ಲ. ನಮ್ಮ ಮನೆಗಳಲ್ಲಿ ಅದರ ಅಂಶವೊಂದು ಈಗಾಗಲೇ ರೂಢಿಯಲ್ಲಿದೆ. ಬದುಕಿರುವವರ ಪಟಕ್ಕೆ ನಾವು ಹಾರ ಹಾಕುವುದಿಲ್ಲ. ಗಂಧದ ಹಾರ ಬಿದ್ದೊಡನೆ ಪಟದಲ್ಲಿರುವವರು ಇಲ್ಲವೆಂದು ಮನೆಗೆ ಬಂದವರಿಗೆ ತಿಳಿಯುತ್ತದೆ. ಕಲಾವಿದನು ಹೇಳದ ಸಾವನ್ನು ಹಾರವು ಹೇಳುತ್ತದೆ. ಆದರೆ ಹಾರವು ಎಲ್ಲ ಸಾವನ್ನೂ ಒಂದೇ ಬಗೆಯಾಗಿ ಹೇಳುತ್ತದೆ. ಯೋಧನ ಸಾವಿನ ವಿಶೇಷವನ್ನು ಹೇಳಲು ಅಕ್ಷರವೇ ಬೇಕು.

ಆದ್ದರಿಂದ ಇಂಥ ಚಿತ್ರಗಳನ್ನು ಬರೆಯಿಸುವ ಶಾಲೆಗಳೂ ಸಂಘಗಳೂ ಮೂರು ಅಂಶಗಳನ್ನು ಪರಿಶೀಲಿಸಬೇಕೆಂದು ಸೂಚಿಸುತ್ತೇವೆ. ಮೊದಲನೆಯದಾಗಿ, ಯಾವ ವರ್ಷದ ಛಾಯಾಚಿತ್ರವನ್ನು ಆಧರಿಸಿ ಬರೆದದ್ದೆಂಬುದನ್ನು ಚಿತ್ರದ ಬಳಿ ನಮೂದಿಸಬೇಕು. ಆಗ ಮುಖವು ತನ್ನ ನಿಜವಾದ ವಯಸ್ಸನ್ನು ಪಡೆಯುತ್ತದೆ. ಎರಡನೆಯದಾಗಿ, ಮರಣೋತ್ತರವಾಗಿ ಬಂದ ಪದಕವನ್ನು ಎದೆಯ ಮೇಲೆ ಬರೆಯುವುದಕ್ಕಿಂತ ಚೌಕಟ್ಟಿನಲ್ಲಿಯೋ ಚಿತ್ರದ ಅಂಚಿನಲ್ಲಿಯೋ ಬೇರೆಯಾಗಿ ತೋರಿಸುವುದು ಲೇಸು. ಅದು ಆತ ಧರಿಸಿದ್ದಲ್ಲ, ನಾವು ಕೊಟ್ಟದ್ದು ಎಂಬುದು ಆಗ ಸ್ಪಷ್ಟವಾಗುತ್ತದೆ. ಮೂರನೆಯದಾಗಿ, ಮತ್ತು ಮುಖ್ಯವಾಗಿ, ಚಿತ್ರದ ಕೆಳಗೆ ಆತ ಎಲ್ಲಿ, ಯಾವ ದಿನ, ಯಾರ ಜೊತೆಯಲ್ಲಿ, ಏನು ಮಾಡುತ್ತ ಸತ್ತನೆಂಬುದನ್ನು ನಾಲ್ಕಾರು ಸಾಲುಗಳಲ್ಲಿ, ನೋಡುವವರ ಭಾಷೆಯಲ್ಲಿ ಬರೆಯಿಸಬೇಕು. ಮುಂಬಯಿಯ ಕನ್ನಡ ಸಭಾಂಗಣದಲ್ಲಿ ಅದು ಕನ್ನಡದಲ್ಲಿರಬೇಕು. ವಿಶೇಷಣಗಳ ಅಗತ್ಯವಿಲ್ಲ. ಹಲ್ಮಿಡಿಯ, ಬೇಗೂರಿನ, ಆತಕೂರಿನ ಬರಹಗಾರರು ಹೆಸರು, ಊರು, ಕಾಳಗ, ಕೊಡುಗೆ ಇಷ್ಟನ್ನು ಹೇಳಿ ಮುಗಿಸಿದರು. ಸಾವಿರ ವರ್ಷಗಳ ಬಳಿಕವೂ ಅವರು ಹೇಳಿದ್ದು ನಮಗೆ ತಲುಪುತ್ತಿದೆ.

ಎಕ್ಸರ್‌ನ ಕಲ್ಲುಗಳ ಮೇಲೆ ಇಂದು ಓದಬಲ್ಲ ಹೆಸರುಗಳಿಲ್ಲ. ಅಲ್ಲಿ ಸಾಹಸ ಉಳಿದಿದೆ, ಸಾಹಸಿಯ ಹೆಸರು ಅಳಿದಿದೆ. ನಮ್ಮ ಸಭಾಂಗಣಗಳ ತೈಲಚಿತ್ರಗಳಲ್ಲಿ ಹೆಸರೂ ಮುಖವೂ ಉಳಿದಿವೆ, ಸಾಹಸ ಅಳಿಯುತ್ತಿದೆ. ಮೊದಲನೆಯ ನಷ್ಟವು ಕಾಲದಿಂದ ಆದದ್ದು; ಅದನ್ನು ತುಂಬಿಕೊಡಲು ನಮ್ಮಿಂದಾಗದು. ಎರಡನೆಯದು ನಮ್ಮ ಕಣ್ಣೆದುರಿಗೇ, ನಮ್ಮ ಅಲಕ್ಷ್ಯದಿಂದ ಆಗುತ್ತಿರುವುದು. ಸತ್ತವನ ಜೊತೆಗೆ ಕಾದಿದವರೂ ಅವನನ್ನು ಬಲ್ಲ ಮನೆಯವರೂ ಇರುವಾಗಲೇ ಆ ಕೆಲವು ಸಾಲುಗಳನ್ನು ಬರೆಯಿಸಿ ಚಿತ್ರದ ಕೆಳಗೆ ಇಡುವುದು ಸಾಧ್ಯವಿದೆ. ಮುಂದಿನ ತಲೆಮಾರಿಗೆ ಅದು ಸಾಧ್ಯವಾಗದು.